ಅಮ್ಮಾವ್ರ ಎಡಗೆನ್ನೆ

ಕ್ಯಾಮೆರಾದವರಿಗೂ ಮೇಕಪ್ಪಿನವರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ನಾವು ಎರಡು ಗಂಟೆ ಕೂತು ತಿದ್ದಿದ ಮುಖವನ್ನು ಅವರು ಒಂದು ದೀಪ ಹಚ್ಚಿ ಕೆಡಿಸುತ್ತಾರೆ. ಇದು ಮೂವತ್ತು ವರ್ಷ ಬಣ್ಣ ಹಚ್ಚಿದವನ ಅನುಭವ, ಸಿಟ್ಟಿನಿಂದ ಹೇಳುತ್ತಿಲ್ಲ. ಸರಿ, ಸಿಟ್ಟಿನಿಂದಲೇ ಅಂದುಕೊಳ್ಳಿ. ಆದರೆ ಕಿಟಕಿಯ ವಿಷಯ ಬಂದರೆ ಮಾತ್ರ ನನ್ನ ಸಿಟ್ಟು ಬಾಲ ಮುದುರಿಕೊಳ್ಳುತ್ತದೆ.

ಕಿಟಕಿ ಅಂದರೆ ನಮ್ಮ ಛಾಯಾಗ್ರಾಹಕಿ. ಹೆಸರಿಟ್ಟವನು ನಾನೇ; ಎದುರಿಗೆ ಮೇಡಂ, ಮನಸ್ಸಿನಲ್ಲಿ ಕಿಟಕಿ. ಯಾವ ಮನೆಯಲ್ಲಿ ಚಿತ್ರೀಕರಣವಿದ್ದರೂ ಮೊದಲು ಕಿಟಕಿಯ ಪರದೆ ಸರಿಸಿ, ಮುಚ್ಚಿ, ಮತ್ತೆ ಸರಿಸಿ, ಕೊನೆಗೆ ನಟರ ಕುರ್ಚಿಯಲ್ಲಿ ತಾನೇ ಹತ್ತು ನಿಮಿಷ ಕೂರುತ್ತಾಳೆ. "ಬೆಳಕು ಕಣ್ಣಿಗೆ ಚುಚ್ಚುತ್ತಾ, ಹಿತವಾಗಿದೆಯಾ, ಕೂತು ನೋಡ್ಬೇಕಲ್ಲ ಅಣ್ಣ," ಅನ್ನುತ್ತಾಳೆ.

ಹದಿನೇಳನೇ ವಯಸ್ಸಿಗೆ ಸೋದರಮಾವನ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯಲು ನಿಂತವಳು. ಆಮೇಲೆ ಆರು ವರ್ಷ ಇನ್ನೊಬ್ಬರ ಕ್ಯಾಮೆರಾ ಪೆಟ್ಟಿಗೆ ಹೊತ್ತಳು, ನಾಲ್ಕು ವರ್ಷ ಫೋಕಸ್ ನೋಡಿಕೊಂಡಳು. ಹೆಂಗಸಿಗೆ ಕ್ಯಾಮೆರಾ ಭಾರ ಅಂದವರ ಮುಂದೆಯೇ ಅದನ್ನು ಹೆಗಲಿಗೇರಿಸಿ ಮೆಟ್ಟಿಲ ಮೇಲೆ ಓಡಿದಳು. ಅಂದವರಲ್ಲಿ ನಾನೂ ಒಬ್ಬ.

ಆ ದಿನ ಅಮ್ಮಾವ್ರು ಬಂದಿದ್ದರು. ಒಂದು ಕಾಲದಲ್ಲಿ ಇಡೀ ಬೆಳ್ಳಿತೆರೆ ಅವರದೇ. ಪಾರ್ಶ್ವವಾಯು ಹೊಡೆದು ಎಡಗೆನ್ನೆ ಜೋತುಬಿದ್ದ ಮೇಲೆ ನಾಲ್ಕು ವರ್ಷ ಯಾರಿಗೂ ಮುಖ ತೋರಿಸಿರಲಿಲ್ಲ. ಈಗ ಒಂದೇ ಒಂದು ದೃಶ್ಯ: ಮಗನ ಪತ್ರ ಓದುವ ತಾಯಿ. "ಮುಖ ಸರಿಯಾಗಿ ಬರದಿದ್ರೆ ಎದ್ದು ಹೋಗ್ತೀನಿ. ಇನ್ನು ಯಾವತ್ತೂ ಕರೀಬೇಡಿ," ಅಂದಿದ್ದರು.

ಆ ಕೆನ್ನೆಯನ್ನು ನಾನು ಬಿಟ್ಟೇನೇ? ಕಿವಿಯ ಹಿಂದೆ ಪಟ್ಟಿ ಅಂಟಿಸಿ ಚರ್ಮ ಎಳೆದು ಕಟ್ಟಿದೆ. ಕೆಳಗೆ ಗಾಢ ಬಣ್ಣ, ಮೇಲೆ ತಿಳಿ ಬಣ್ಣ. ಕನ್ನಡಿಯಲ್ಲಿ ಹಳೆಯ ಅಮ್ಮಾವ್ರು ಬಂದು ಕೂತರು. ನನ್ನ ಕೈಗೆ ನಾನೇ ಶಭಾಷ್ ಹೇಳಿಕೊಂಡೆ.

ತಪ್ಪಾದದ್ದು ಅಲ್ಲೇ. ಮೇಕಪ್ ಕೋಣೆಯಲ್ಲಿ ಬಲ್ಬುಗಳು ಎದುರಿಗಿದ್ದವು; ಚಿತ್ರೀಕರಣದ ಕೋಣೆಯಲ್ಲಿ ಬೆಳಕು ಪಕ್ಕದಿಂದ ಬರುತ್ತಿತ್ತು. ಮಾನಿಟರಿನಲ್ಲಿ ಬಲಗಡೆ ಮನುಷ್ಯರ ಮುಖ, ಎಡಗಡೆ ಗಿಲಾವು ಮಾಡಿದ ಗೋಡೆ.

ಅಮ್ಮಾವ್ರೂ ನೋಡಿಬಿಟ್ಟರು. "ನನ್ನ ಚೀಲ ಕೊಡಿ."

"ಬಲಗಡೆಯಿಂದ ಮಾತ್ರ ತೆಗೆಯೋಣಮ್ಮ," ಎಂದು ನಿರ್ದೇಶಕ ಗೋಗರೆದ. ಅವರು ಆಗಲೇ ಎದ್ದಿದ್ದರು. ಕಿಟಕಿ ಬಂದು ಅವರ ಕೈ ಹಿಡಿದು ಕೂರಿಸಿ, ತಾನು ಪಕ್ಕದಲ್ಲೇ ನೆಲದ ಮೇಲೆ ಕೂತಳು.

"ಅಮ್ಮ, ನಮ್ಮ ಮಾವನ ಸ್ಟುಡಿಯೋಗೆ ಒಬ್ರು ಪಾಸ್‌ಪೋರ್ಟ್ ಫೋಟೋಗೆ ಬಂದಿದ್ರು. ಕೆನ್ನೆ ಮೇಲೆ ಸುಟ್ಟ ಕಲೆ. ಪಾಪ ಅಂತ ಫೋಟೋದಲ್ಲಿ ಪೂರ್ತಿ ಅಳಿಸಿಕೊಟ್ಟೆ. ತುಂಬಾ ಖುಷಿಪಟ್ರು. ವಿಮಾನ ನಿಲ್ದಾಣದಲ್ಲಿ, ಇದು ನೀವಲ್ಲ ಅಂತ ವಾಪಸ್ ಕಳಿಸಿದ್ರಂತೆ. ಮಗಳ ಹೆರಿಗೆಗೆ ಹೊರಟಿದ್ರು. ಅವತ್ತಿಂದ ನಾನು ಯಾರ ಮುಖದಲ್ಲೂ ಏನನ್ನೂ ಅಳಿಸಿಲ್ಲ."

"ವಿಕಾರವಾಗಿ ಕಂಡ್ರೆ?"

"ಹಾಗೆ ಕಂಡ್ರೆ ತಪ್ಪು ನನ್ನ ಬೆಳಕಿಂದು. ನಿಮ್ಮೆದುರೇ ಆ ಶಾಟ್ ತೆಗೆದುಹಾಕ್ತೀನಿ."

ಅಮ್ಮಾವ್ರು ಮೆಲ್ಲಗೆ ಕುರ್ಚಿಗೆ ಒರಗಿದರು. ಕಿಟಕಿ ನನ್ನತ್ತ ತಿರುಗಿದಳು. "ಅಣ್ಣ, ನೀವೇ ಒರೆಸ್ತೀರಾ? ಅವರಿಗೆ ನಿಮ್ಮ ಕೈ ರೂಢಿ."

ನನ್ನ ಎರಡು ಗಂಟೆಯ ಕೆಲಸ! ಬಾಯಿಗೆ ಬಂದ ಮಾತನ್ನು ನುಂಗಿಕೊಂಡು ಹತ್ತಿ ಒದ್ದೆ ಮಾಡಿದೆ. ಪಟ್ಟಿ ಬಿಚ್ಚಿದಾಗ ಕೆನ್ನೆ ಮೆಲ್ಲಗೆ ತನ್ನ ಜಾಗಕ್ಕೆ ಇಳಿಯಿತು.

ಬೇರೆ ಯಾರಾದರೂ ಆಗಿದ್ದರೆ ಆ ಕೆನ್ನೆಯನ್ನು ಕತ್ತಲಿಗೆ ತಳ್ಳುತ್ತಿದ್ದರು. ಆಕೆ ಕುರ್ಚಿಯನ್ನೇ ತಿರುಗಿಸಿ ಎಡಗೆನ್ನೆಯನ್ನು ಕೋಣೆಯ ಕಿಟಕಿಗೆ ಒಡ್ಡಿದಳು. ಗಾಜಿಗೆ ತೆಳ್ಳನೆ ಬಿಳಿ ಬಟ್ಟೆ ಕಟ್ಟಿದಳು, ಅಷ್ಟೇ. ಒಂದು ದೀಪವನ್ನೂ ಹಚ್ಚಲಿಲ್ಲ.

ಅಮ್ಮಾವ್ರು ಪತ್ರ ಓದಿದರು. ತುಟಿಯ ಬಲಭಾಗ ನಕ್ಕಿತು. ಎಡಭಾಗ ನಗಲು ಹೊರಟು ಅರ್ಧದಲ್ಲೇ ನಿಂತಿತು. ಇಷ್ಟು ವರ್ಷದಲ್ಲಿ ಅಂಥ ಚಂದದ ಮುಖವನ್ನು ನಾನು ಮಾಡಿಲ್ಲ, ಸುಳ್ಳು ಯಾಕೆ ಹೇಳಲಿ.

ಅವರು ಮಾನಿಟರಿನ ಮುಂದೆ ನಿಂತು ಎರಡು ಸಲ ನೋಡಿದರು.

"ಇನ್ನೊಂದ್ಸಲ ತೆಗೀರಿ."

"ಚೆನ್ನಾಗಿ ಬಂದಿದೆಯಮ್ಮ, ಇದೇ ಸಾಕು," ಅಂದಳು ಕಿಟಕಿ.

"ಚೆನ್ನಾಗಿ ಬಂದಿದೆ ಅಂತ್ಲೇ ಹೇಳ್ತಿರೋದು." ಅಮ್ಮಾವ್ರು ಹೋಗಿ ಕುರ್ಚಿಯಲ್ಲಿ ಕೂತು ಎಡಗೆನ್ನೆ ತಿರುಗಿಸಿದರು. "ಈ ಸಲ ಇನ್ನೂ ಹತ್ತಿರ ಬಾ."