ಬೇಕೆಂದೇ ಮಾಡಿದ ತಪ್ಪು

ಶನಿವಾರ ಬೆಳಿಗ್ಗೆ ಹ್ರುಸ್ಕಾ ಅವರ ಅಡುಗೆಮನೆಯಲ್ಲಿ ದಾಲ್ಚಿನ್ನಿ ಹಾಕಿದ ಸಿಹಿ ಬ್ರೆಡ್ಡಿನ ಸುರುಳಿಗಳು ಆಗತಾನೇ ಬೆಂದು ಹೊರಬಂದಿದ್ದವು. ಹಿಂದಿನ ಸಂಜೆ ನಮ್ಮೂರ ಹೈಸ್ಕೂಲ್ ತಂಡ ಫುಟ್‌ಬಾಲ್ ಪಂದ್ಯ ಗೆದ್ದು, ಹತ್ತೊಂಬತ್ತು ವರ್ಷಗಳ ಮೇಲೆ ರಾಜ್ಯಮಟ್ಟದ ಸುತ್ತಿಗೆ ಕಾಲಿಟ್ಟಿತ್ತು. ನೆಬ್ರಾಸ್ಕದಲ್ಲಿ ಫುಟ್‌ಬಾಲ್ ಎಂದರೆ ಕಾಲಲ್ಲಿ ಒದೆಯುವ ಆಟವಲ್ಲ. ಚೆಂಡು ಅಪ್ಪಿಕೊಂಡು ಓಡುವವನ ಮೈಮೇಲೆ ಬಿದ್ದು ಅವನನ್ನು ನೆಲಕ್ಕೆ ಕೆಡವುವ ಆಟ. ಹಾಗೆ ಕೆಡವುವುದರಲ್ಲಿ ಹದಿನಾರು ವರ್ಷದ ಟ್ರೆಂಟ್ ಹ್ರುಸ್ಕಾನನ್ನು ಮೀರಿಸುವವರು ಸುತ್ತಲಿನ ನಾಲ್ಕು ಊರಲ್ಲಿ ಇರಲಿಲ್ಲ.

"ಅಜ್ಜಿ ಇವತ್ತು ಊಟಕ್ಕೆ ಬರ್ತಾರಾ?" ಟ್ರೆಂಟ್ ತಾಯಿಯನ್ನು ಕೇಳಿದ.

"ಬರ್ತಾರೆ. ಹೀರೋ ಮೊಮ್ಮಗನ್ನ ನೋಡ್ಬೇಕಂತೆ," ಎಂದಳು ಡೋರೀನ್.

ಟ್ರೆಂಟ್ ಅರ್ಧ ಸುರುಳಿ ತಿಂದ. ಕಿಟಕಿಯ ಬೆಳಕು ಕಣ್ಣಿಗೆ ಹೊಡೆಯುತ್ತಿದೆಯೇನೋ ಎಂಬಂತೆ ಕುರ್ಚಿಯನ್ನು ಆಚೆ ತಿರುಗಿಸಿಕೊಂಡ. ಆಮೇಲೆ, "ಅಮ್ಮ, ಅಜ್ಜಿ ಇವತ್ತು ಊಟಕ್ಕೆ ಬರ್ತಾರಾ?" ಎಂದ.

"ಈಗ ತಾನೆ ಹೇಳಿದ್ನಲ್ಲೋ. ಗೆದ್ದ ಅಮಲು ಇನ್ನೂ ಇಳಿದಿಲ್ಲ ಇವನಿಗೆ," ಎಂದು ಡೋರೀನ್ ನಕ್ಕಳು.

ಮೇಜಿನ ಆ ಬದಿಯಲ್ಲಿ ಕೂತಿದ್ದ ತಂದೆ ಲೈಲ್ ನಗಲಿಲ್ಲ. ಹಿಂದಿನ ದಿನ ಆಟದ ಕೊನೆಯ ಹೊತ್ತಿನಲ್ಲಿ ಮಗನ ಹೆಲ್ಮೆಟ್ಟಿಗೆ ಇನ್ನೊಬ್ಬನ ಹೆಲ್ಮೆಟ್ ಬಡಿದದ್ದನ್ನು ಅವನು ಕಂಡಿದ್ದ. ಟ್ರೆಂಟ್ ಎದ್ದು, ಎದುರು ತಂಡದವರು ಕೂತಿದ್ದ ಬೆಂಚಿನ ಕಡೆ ನಾಲ್ಕು ಹೆಜ್ಜೆ ಹಾಕಿ, ಮತ್ತೆ ತಿರುಗಿ ಬಂದಿದ್ದ. ಊರೆಲ್ಲ ಕೇಕೆ ಹಾಕುತ್ತಿತ್ತು. ತಾನೂ ಹರೆಯದಲ್ಲಿ ಅದೇ ಮೈದಾನದಲ್ಲಿ ಆಡಿದ ಲೈಲ್‌ಗೆ ದಿಕ್ಕು ತಪ್ಪಿದ ಆ ನಾಲ್ಕು ಹೆಜ್ಜೆಯ ಅರ್ಥ ಚೆನ್ನಾಗಿ ಗೊತ್ತಿತ್ತು. ಆದರೂ ಕಾಫಿ ಕುಡಿದು ಸುಮ್ಮನೆ ಎದ್ದು ಹೋದ.

ಮಗನನ್ನು ಪರೀಕ್ಷೆಗೆ ಕೂರಿಸುತ್ತಾರೆ, ಆ ಪರೀಕ್ಷೆಯಲ್ಲಿ ಏನೂ ಗೊತ್ತಾಗುವುದಿಲ್ಲ, ಎರಡೂ ಅವನಿಗೆ ತಿಳಿದಿತ್ತು. ಏಕೆಂದರೆ ಅದಕ್ಕೆ ದಾರಿ ಮಾಡಿಟ್ಟವನು ಅವನೇ.

ಆ ಪರೀಕ್ಷೆಯ ಕಥೆ ಇಷ್ಟು. ಪ್ರತಿ ಆಗಸ್ಟ್‌ನಲ್ಲಿ, ಆಟದ ಕಾಲ ಶುರುವಾಗುವ ಮೊದಲು, ಹುಡುಗರೆಲ್ಲ ಶಾಲೆಯ ಕಂಪ್ಯೂಟರ್ ಮುಂದೆ ಕೂರಬೇಕು. ಪರದೆಯಲ್ಲಿ ಬಂದ ಪದಗಳನ್ನು ನೆನಪಿಟ್ಟು ಹೇಳಬೇಕು, ಚಿತ್ರಗಳನ್ನು ಗುರುತಿಸಬೇಕು. ಬಂದ ಅಂಕವನ್ನು ತೆಗೆದಿಡುತ್ತಾರೆ. ಮುಂದೆ ಯಾರಿಗಾದರೂ ತಲೆಗೆ ಪೆಟ್ಟಾದರೆ ಅದೇ ಪರೀಕ್ಷೆ ಮತ್ತೊಮ್ಮೆ. ಅಂಕ ಇಳಿದಿದ್ದರೆ ಮೆದುಳು ಇನ್ನೂ ಸುಧಾರಿಸಿಲ್ಲ, ಹುಡುಗ ಹೊರಗೆ ಕೂರಬೇಕು. ಶಾಲೆಯವರು ಚಾಪೆ ಕೆಳಗೆ ತೂರಿದರೆ ನಮ್ಮೂರ ಅಪ್ಪಂದಿರು ರಂಗೋಲಿ ಕೆಳಗೆ ತೂರುವವರು. ಜುಲೈ ತಿಂಗಳ ಒಂದು ಸಂಜೆ ಲೈಲ್ ಹಿತ್ತಿಲಲ್ಲಿ ಕೆಂಡದ ಮೇಲೆ ಮಾಂಸ ಸುಡುತ್ತಾ, ಟ್ರೆಂಟ್‌ಗೂ ಅವನ ನಾಲ್ವರು ಗೆಳೆಯರಿಗೂ ಪಾಠ ಹೇಳಿದ್ದ.

"ನಮ್ಮ ಕಾಲದಲ್ಲಿ ತಲೆಗೆ ಬಿದ್ರೆ ಕೋಚ್ ಬೆರಳು ತೋರಿಸಿ ಎಷ್ಟು ಅನ್ನೋರು. ನಾವು ಕಣ್ಣು ಮುಚ್ಕೊಂಡು ಎರಡು ಅಂತಿದ್ವಿ. ಪುಣ್ಯಾತ್ಮ ಯಾವತ್ತೂ ಮೂರನೇ ಬೆರಳು ಎತ್ತಿದೋನಲ್ಲ. ಈಗ ಕಂಪ್ಯೂಟರ್ ತಂದಿದಾರೆ. ಅದಕ್ಕೂ ಮದ್ದಿದೆ. ಮೊದ್ಲನೇ ಸಲ ಬೇಕಂತಲೇ ತಪ್ಪು ಮಾಡಿ. ಪೂರ್ತಿ ಅಲ್ಲ, ಅನುಮಾನ ಬರತ್ತೆ. ಹತ್ತಕ್ಕೆ ಐದು ಸಾಕು. ಆಮೇಲೆ ತಲೆ ಗಿರ್ ಅಂತಿದ್ರೂ ಐದು ಬಂದೇ ಬರತ್ತೆ."

"ಟ್ರೆಂಟ್‌ಗೆ ನಾಟಕ ಯಾಕೆ ಬೇಕು? ಅವನಿಗೆ ನಿಜವಾಗ್ಲೂ ಬರೋದೇ ಐದು," ಎಂದಿದ್ದ ಟೈರ್ ಅಂಗಡಿಯ ನೊವೊಟ್ನಿಯ ಮಗ ಕೇಡ್. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಲೈಲ್ ಅವರೆಲ್ಲರಿಗಿಂತ ಜೋರಾಗಿ ನಕ್ಕಿದ್ದ.

ಸೋಮವಾರ ಮಧ್ಯಾಹ್ನ ಜೋನೆಲ್ ವಾಸೆಕ್ ಧಾನ್ಯದ ಗೋದಾಮಿಗೆ ಬಂದಳು. ಲೈಲ್ ಅಲ್ಲಿ ಮೆಕ್ಕೆಜೋಳದ ಲಾರಿಗಳನ್ನು ತೂಗಿಸುವ ಕೆಲಸದಲ್ಲಿದ್ದ. ಜೋನೆಲ್ ಶಾಲೆಯಲ್ಲಿ ಆಟಗಾರರ ಗಾಯ ನೋಡಿಕೊಳ್ಳುವವಳು. ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು, ಹಳಬರು ಅವಳನ್ನು ಇನ್ನೂ ಮಗು ಎಂದೇ ಕರೆಯುತ್ತಿದ್ದರು.

"ಟ್ರೆಂಟ್‌ಗೆ ಇವತ್ತು ಪರೀಕ್ಷೆ ಕೊಟ್ಟೆ," ಎಂದಳು. "ಆಗಸ್ಟ್‌ನಲ್ಲಿ ಎಷ್ಟು ಬಂದಿತ್ತೋ ಅಷ್ಟೇ ಬಂದಿದೆ. ತಲೆನೋವಿಲ್ಲ ಅಂತಾನೆ. ಕಾಗದದ ಪ್ರಕಾರ ನಾನು ಅವನನ್ನ ತಡೆಯೋ ಹಾಗಿಲ್ಲ. ಆದ್ರೂ ಶುಕ್ರವಾರ ಅವನು ನಡೆದಿದ್ದು ನಂಗೆ ಸರಿ ಕಾಣ್ಲಿಲ್ಲ. ಮನೇಲಿ ಹೇಗಿದಾನೆ, ಹ್ರುಸ್ಕಾ ಅವರೇ?"

ಲೈಲ್ ತೂಕದ ಯಂತ್ರದ ಕಡೆಗೇ ನೋಡುತ್ತಿದ್ದ. ಹೊರಗೆ ನಿಂತ ಲಾರಿಯವನು ಹಾರ್ನ್ ಒತ್ತಿ, "ಶುಕ್ರವಾರಾನೂ ನಿನ್ ಮಗ ಎಲ್ರನ್ನೂ ಮಲಗಿಸ್ತಾನೆ ತಾನೆ?" ಎಂದು ಕೂಗಿದ. ಲೈಲ್ ಅವನಿಗೆ ಕೈಯೆತ್ತಿದ.

"ಚೆನ್ನಾಗೇ ಇದಾನೆ. ಎರಡು ಆಳಿನ ಊಟ ಮಾಡ್ತಾನೆ," ಎಂದ.

"ಖಂಡಿತಾನಾ?"

"ನನ್ನ ಮಗನ್ನ ನಾನು ನೋಡಿಲ್ವಾ?"

ಅವಳು ಒಂದು ಕ್ಷಣ ನಿಂತಿದ್ದು, ಕಾರಿನ ಕಡೆ ನಡೆದಳು. ಲೈಲ್ ಆಮೇಲೆ ಎಷ್ಟೋ ಸಲ ಆ ಕ್ಷಣಕ್ಕೆ ಮರಳಿದ್ದಾನೆ. ಅವಳು ಕಾರಿನ ಬಾಗಿಲು ತೆಗೆಯುವ ತನಕ, ಕೂಗಿ ಕರೆಯಲು ಅವನಿಗೆ ಬೇಕಾದಷ್ಟು ಹೊತ್ತಿತ್ತು.

ಬುಧವಾರದ ಅಭ್ಯಾಸದಲ್ಲಿ ಆದದ್ದು ದೊಡ್ಡ ಡಿಕ್ಕಿಯೇನಲ್ಲ. ಪ್ರತಿದಿನ ಇಪ್ಪತ್ತು ಸಲ ಆಗುವಂಥದ್ದು. ಟ್ರೆಂಟ್ ಎದ್ದು ನಿಂತು, ಹೆಲ್ಮೆಟ್ಟಿನ ಪಟ್ಟಿ ಬಿಚ್ಚಲು ಕೈ ಎತ್ತಿದವನು ಹಾಗೇ ಕುಸಿದ. ಒಮಾಹಾದ ದೊಡ್ಡ ಆಸ್ಪತ್ರೆಗೆ ಹೆಲಿಕಾಪ್ಟರಿನಲ್ಲಿ ಒಯ್ದರು. ಮೊದಲ ಪೆಟ್ಟು ಮಾಯುವ ಮುಂಚೆಯೇ ಎರಡನೆಯದು ಬಿದ್ದು ಮೆದುಳು ಬಾತುಕೊಂಡಿತ್ತು. ತಲೆಬುರುಡೆಯ ಒಂದು ಭಾಗ ತೆಗೆದು ಜೀವ ಉಳಿಸಿದರು.

"ಇದಕ್ಕೆ ಮುಂಚೆ ಮರೆವು, ತಲೆನೋವು ಏನಾದರೂ ಕಂಡಿತ್ತಾ?" ಎಂದು ವೈದ್ಯೆ ಕೇಳಿದರು.

"ಇಲ್ಲ," ಎಂದಳು ಡೋರೀನ್.

"ಇತ್ತು," ಎಂದ ಲೈಲ್. "ಶನಿವಾರ. ಅಜ್ಜಿ ಬರ್ತಾರಾ ಅಂತ ಎರಡು ಸಲ ಕೇಳಿದ." ಆಮೇಲೆ ಆಗಸ್ಟಿನ ಪರೀಕ್ಷೆಯ ವಿಷಯವನ್ನೂ ಹೇಳಿದ.

ಡೋರೀನ್ ಗಂಡನ ಕಡೆ ತಿರುಗಿದಳು. "ನಾನು ನಕ್ಕುಬಿಟ್ಟೆ ಲೈಲ್. ನಂಗೆ ಗೊತ್ತಿರ್ಲಿಲ್ಲ, ನಕ್ಕೆ. ನಿಂಗೆ ಗೊತ್ತಿತ್ತು," ಎಂದಳು. ಎದ್ದು ಹೋಗಿ ಮಗನ ಹಾಸಿಗೆಯ ಆ ಬದಿಗೆ ಕೂತಳು. ಅವಳು ಬೈದಿದ್ದರೆ ಲೈಲ್‌ಗೆ ಎಷ್ಟೋ ಹಗುರವಾಗುತ್ತಿತ್ತು.

ಶುಕ್ರವಾರ ತಂಡ ಟ್ರೆಂಟ್‌ನ ಅಂಗಿಯ ನಂಬರನ್ನು ಹೆಲ್ಮೆಟ್‌ಗಳಿಗೆ ಅಂಟಿಸಿಕೊಂಡು ಆಡಿ ಗೆದ್ದಿತು. ಮುಂದಿನ ಎರಡು ವಾರವೂ ಗೆದ್ದಿತು. ಊರಿನವರು ಮೇಣದಬತ್ತಿ ಹಚ್ಚಿದರು, ಕೊಲಾಚೆ ಎಂಬ ಸಿಹಿ ಬನ್ ಬೇಯಿಸಿ ಮಾರಿ ಆಸ್ಪತ್ರೆಗೆಂದು ಹಣ ಕಳಿಸಿದರು. ಒಳ್ಳೆಯ ಜನ ನಮ್ಮೂರವರು. ಆದದ್ದಕ್ಕೆ ವಿಧಿಯನ್ನು ಬೈದರು, ಆಟವನ್ನು ಬೈಯಲಿಲ್ಲ. ಜೋನೆಲ್‌ಳನ್ನು ಮಾತ್ರ ಕೆಲವರು ಬೈದರು. ಹಿತ್ತಿಲಲ್ಲಿ ಪಾಠ ಕಲಿತ ಉಳಿದ ನಾಲ್ವರ ನೆನಪು ಲೈಲ್‌ಗೆ ಬರದೆ ಇರಲಿಲ್ಲ. ಅವರಿಗೆ ಅವರ ತಂದೆತಾಯಿ ಇದ್ದಾರೆ ಎಂದುಕೊಂಡು ಅದನ್ನು ಪಕ್ಕಕ್ಕೆ ತಳ್ಳುತ್ತಿದ್ದ.

ಹದಿನೆಂಟನೆಯ ದಿನ ಟ್ರೆಂಟ್ ದಿಂಬಿಗೆ ಒರಗಿ ಕೂರುವಷ್ಟಾದ. ಮಾತು ಕಲಿಸಲು ಬಂದ ಹೆಂಗಸು ಹತ್ತು ಪದ ಓದಿ, ನೆನಪಿರುವಷ್ಟು ಹೇಳು ಎಂದಳು. ಸೇಬು. ಸೇತುವೆ. ಎರಡು ಹೇಳಿ ಟ್ರೆಂಟ್ ಹಣೆ ಗಂಟಿಕ್ಕಿದ. ಚಾದರವನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. ಬಹಳ ಹೊತ್ತಿನ ಮೇಲೆ ಮೂರನೆಯದು ಬಂತು. ಅಷ್ಟೇ.

"ಪರವಾಗಿಲ್ಲ ಮರಿ, ಇವತ್ತಿಗೆ ಸಾಕು," ಎಂದಳು ಅವಳು.

ಟ್ರೆಂಟ್ ತಂದೆಯ ಕಡೆ ತಿರುಗಿದ. ಒಂದೊಂದೇ ಪದ ಹೆಕ್ಕಿಕೊಂಡು ಹೇಳಿದ: "ಅಪ್ಪ, ನಾನು... ಬೇಕಂತ... ತಪ್ಪು ಮಾಡ್ಲಿಲ್ಲ. ನಿಜ."

"ಗೊತ್ತು ಕಣೋ," ಎಂದು ಲೈಲ್ ಹೊರಗೆ ಬಂದ. ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆಗೆ ಮುಖ ಮಾಡಿ ನಿಂತು ಅತ್ತ. ತನ್ನ ತಂದೆ ಸತ್ತಾಗಲೂ ಅವನು ಹಾಗೆ ಅತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಊರಿಗೆ ಮರಳಿ ಮೊದಲು ಅವನು ಹೋದದ್ದು ವೆಸ್ ನೊವೊಟ್ನಿಯ ಟೈರ್ ಅಂಗಡಿಗೆ. ಇಬ್ಬರೂ ಒಂದೇ ತಂಡದಲ್ಲಿ ಆಡಿದವರು.

"ಕೇಡ್‌ನ ಮತ್ತೆ ಪರೀಕ್ಷೆಗೆ ಕೂರಿಸು ವೆಸ್. ಆಗಸ್ಟ್‌ದು ಸುಳ್ಳು. ಹೇಳ್ಕೊಟ್ಟಿದ್ದು ನಾನೇ."

"ಗೊತ್ತು," ಎಂದ ವೆಸ್, ಕೈಯ ಮಸಿ ಒರೆಸಿಕೊಳ್ಳುತ್ತಾ. "ಅವನು ನಂಗೆ ಹೇಳಿದ್ದ. ನಿಂಗಾಗಿದ್ದು ನನ್ನ ಶತ್ರುಗೂ ಬೇಡ. ಆದ್ರೆ ಶುಕ್ರವಾರ ಫೈನಲ್ ಕಣೋ. ನನ್ನ ಮಗ ಮೊದಲು ಹೇಗಿದ್ದ ಗೊತ್ತಲ್ಲ, ಯಾರ ಜೊತೆನೂ ಮಾತಿಲ್ಲ, ಕೋಣೆ ಬಿಟ್ಟು ಬರ್ತಿರ್ಲಿಲ್ಲ. ಈ ಆಟ ಅವನನ್ನ ಮನುಷ್ಯನ್ನ ಮಾಡ್ತು. ಈಗ ಮಧ್ಯದಲ್ಲೇ ಎದ್ದು ಬಾ, ಹೊರಗೆ ಕೂತ್ಕೋ ಅಂತ ಹೇಗೆ ಹೇಳ್ಲಿ? ನಾವು ಆಡ್ಲಿಲ್ವಾ? ನಮಗೇನಾಯ್ತು?"

"ನಂಗೇನಾಗಿದೆ ಅಂತ ನಂಗೇ ಗೊತ್ತಿಲ್ಲ. ನಿಂಗೂ ಗೊತ್ತಿಲ್ಲ. ಕೇಡ್‌ಗೆ ಈ ವರ್ಷ ತಲೆಗೆ ಬಿದ್ದಿದೆಯಾ?"

ವೆಸ್ ಕಳಚಿಟ್ಟ ಟೈರನ್ನು ಸುಮ್ಮನೆ ಉರುಳಿಸಿ ಇನ್ನೊಂದು ಗೋಡೆಗೆ ಒರಗಿಸಿದ. "ಆಟ ಮುಗೀಲಿ, ನಾಲ್ಕೇ ದಿನ," ಎಂದ.

"ನಾನು ಸುಳ್ಳು ಹೇಳಿದ್ದು ಸೋಮವಾರ, ಟ್ರೆಂಟ್ ಕುಸಿದಿದ್ದು ಬುಧವಾರ, ವೆಸ್. ಎರಡೇ ದಿನ."

ಲೈಲ್ ಅಲ್ಲಿಂದ ನೇರ ಜೋನೆಲ್ ಹತ್ತಿರ ಹೋದ. ಅವಳ ಮುಖ ಇಳಿದುಹೋಗಿತ್ತು. "ನಿನ್ನದೇನೂ ತಪ್ಪಿಲ್ಲ, ಅದನ್ನ ಎಲ್ಲರ ಮುಂದೆ ಹೇಳ್ಬೇಕು ನಾನು," ಎಂದ. ಆ ದಿನ ಅಭ್ಯಾಸಕ್ಕೆ ಮೊದಲು ಅವಳು ಇಪ್ಪತ್ತೆಂಟು ಹುಡುಗರನ್ನೂ ಕಂಪ್ಯೂಟರ್ ಕೋಣೆಗೆ ಕರೆಸಿದಳು. ಕೋಚ್ ಕೈಕಟ್ಟಿ ಬಾಗಿಲಲ್ಲಿ ನಿಂತರು. ಕೆಲವು ತಂದೆಯಂದಿರೂ ಬಂದರು. ವೆಸ್ ಹಿಂದೆ ನಿಂತಿದ್ದ.

ಲೈಲ್‌ಗೆ ಭಾಷಣ ಬರುತ್ತಿರಲಿಲ್ಲ. "ಜೋನೆಲ್ ನನ್ನ ಕೇಳಿದ್ಲು, ಟ್ರೆಂಟ್ ಹೇಗಿದಾನೆ ಅಂತ. ನಾನು ಸುಳ್ಳು ಹೇಳ್ದೆ. ಅವನ ಪರೀಕ್ಷೇನೂ ಸುಳ್ಳು, ಅದೂ ನಂದೇ. ಮೊನ್ನೆ ಅವನಿಗೆ ಹತ್ತು ಪದ ಹೇಳಿದ್ರು. ಮೂರು ಹೇಳಿದ. ಬೇಕಂತ ತಪ್ಪು ಮಾಡ್ಲಿಲ್ಲ ಅಂತ ನಂಗೆ ಹೇಳಿದ."  ಹುಡುಗರ ಕಡೆ ತಿರುಗಿ, "ನನ್ನ ಮಾತು ಕೇಳಿ ಆಗಸ್ಟ್‌ನಲ್ಲಿ ಬೇಕಂತಲೇ ತಪ್ಪು ಬರೆದೋರು ಎದ್ದು ನಿಲ್ಲಿ. ಬೈಯೋದಿದ್ರೆ ನನ್ನ ಬೈಲಿ," ಎಂದ.

"ಎದ್ದವರು ಮತ್ತೆ ಬರೀಬೇಕು," ಎಂದಳು ಜೋನೆಲ್. "ತಲೆಗೆ ಪೆಟ್ಟಾಗಿದ್ರೆ ವೈದ್ಯರು ನೋಡೋವರೆಗೂ ಆಡೋ ಹಾಗಿಲ್ಲ. ಶುಕ್ರವಾರಾನೂ ಸೇರಿ."

ಯಾರೂ ಅಲ್ಲಾಡಲಿಲ್ಲ. ಕೇಡ್ ನೊವೊಟ್ನಿ ಕತ್ತು ತಿರುಗಿಸಿ ತನ್ನ ತಂದೆಯನ್ನು ನೋಡಿದ. ವೆಸ್ ನೆಲ ನೋಡುತ್ತಿದ್ದ. ಆಮೇಲೆ ತಲೆ ಎತ್ತಿ, ಮಗನ ಕಣ್ಣಲ್ಲಿ ಕಣ್ಣಿಟ್ಟು, ಹೂಂ ಎಂಬಂತೆ ಸಣ್ಣಗೆ ತಲೆಯಾಡಿಸಿದ.

ಕೇಡ್ ಎದ್ದ. "ಎರಡು ಸಲ ಬಿದ್ದಿದೆ. ನಾನು ಹೇಳಿರ್ಲಿಲ್ಲ," ಎಂದ.

ಅವನ ಹಿಂದೆ ಇನ್ನೊಬ್ಬ ಎದ್ದ. ಇನ್ನಿಬ್ಬರು. ನಾಲ್ವರಾದರು ಎಂದು ಲೈಲ್ ಉಸಿರು ಬಿಡುವಷ್ಟರಲ್ಲಿ ಐದನೆಯವನು ಎದ್ದ, ಅವನು ಯಾವತ್ತೂ ಹ್ರುಸ್ಕಾ ಮನೆಯ ಹಿತ್ತಿಲಿಗೆ ಬಂದವನಲ್ಲ. ಮೂಲೆಯಲ್ಲಿ ಕೂತಿದ್ದ ಒಂಬತ್ತನೆಯ ತರಗತಿಯ ಚಿಕ್ಕವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದರು. ಕೊನೆಗೆ ನಿಂತವರು ಹದಿನಾಲ್ಕು ಜನ. ಲೈಲ್‌ಗೆ ಅವರಲ್ಲಿ ಅರ್ಧದಷ್ಟು ಮಂದಿಯ ಹೆಸರೂ ಗೊತ್ತಿರಲಿಲ್ಲ.

ಜೋನೆಲ್ ಮೊದಲನೆಯ ಕಂಪ್ಯೂಟರ್ ಹಾಕಿದಳು. ಲೈಲ್ ಅದರ ಮುಂದಿನ ಕುರ್ಚಿಯನ್ನು ಎಳೆದು ಕೇಡ್‌ನನ್ನು ಕೂರಿಸಿ, "ಎಷ್ಟು ಬರತ್ತೋ ಅಷ್ಟೂ ಬರಿ ಮಗ," ಎಂದ.