ಫ್ರೇಮ್ ಅಂಗಡಿಯಲ್ಲಿ ತೆರೆಯದ ಇಮೇಲು

ಆ ಕಂಪ್ಯೂಟರು ಎಷ್ಟು ಹಳೆಯದೆಂದರೆ, ದೊಡ್ಡಣ್ಣ ಬೆಳಿಗ್ಗೆ ಅದರ ಗುಂಡಿ ಒತ್ತಿ, ಅಂಗಡಿ ಗುಡಿಸಿ, ಗಾಜುಗಳ ಧೂಳು ಹೊಡೆದು, ಚಹಾ ಕುಡಿದು ಲೋಟ ತೊಳೆದಿಟ್ಟು ಬಂದರೂ ಅದಿನ್ನೂ ಮೈಮುರಿಯುತ್ತ ಇರುತ್ತಿತ್ತು. ಇವತ್ತೂ ತನ್ನ ಪುರುಸೊತ್ತಿನಲ್ಲೇ ಎದ್ದಿತು. ಎದ್ದದ್ದೇನೋ ಎದ್ದಿತು, ಆದರೆ ಇಮೇಲಿನ ಲಕೋಟೆ ಚಿತ್ರದ ಮೇಲೆ ಟಕಟಕ ಎಂದು ಒತ್ತಿದರೆ ಮರಳುಗಡಿಯಾರ ಒಂದಷ್ಟು ಹೊತ್ತು ತಿರುಗಿ ಸುಮ್ಮನಾಯಿತು. ಮತ್ತೆ ಒತ್ತಿದ. ಜಪ್ಪಯ್ಯ ಎಂದರೂ ಇಮೇಲು ತೆರೆಯಲಿಲ್ಲ.

ಬೇರೆ ದಿನವಾಗಿದ್ದರೆ ಹಾಳಾಗಿ ಹೋಗಲಿ ಎಂದು ಫ್ರೇಮು ಕೊಯ್ಯಲು ಕೂರುತ್ತಿದ್ದ. ಇವತ್ತು ಹಾಗೆ ಬಿಡುವಂತಿರಲಿಲ್ಲ. ಹಡಗಿನಲ್ಲಿ ನರ್ಸ್ ಆಗಿರುವ ತಂಗಿಯ ಇಮೇಲು ನಿನ್ನೆ ಅಂಗಡಿ ಮುಚ್ಚುವ ಹೊತ್ತಿಗೆ ಬಂದಿತ್ತು. ನಡುನೀರಿನಲ್ಲಿ ಫೋನು ಸಿಗುವುದಿಲ್ಲ, ಅವಳಿಗೆ ಇಮೇಲೊಂದೇ ಗತಿ. ಹಡಗು ಈ ಕಡೆಯ ಬಂದರಿಗೆ ಬರುತ್ತಿದೆ, ನನಗೆ ರಜೆ ಇದೆ, ಇಳಿಯುತ್ತೇನೋ ಇಲ್ಲವೋ ಅಂತ ನಾಳೆ ಮಧ್ಯಾಹ್ನದೊಳಗೆ ಕ್ಯಾಪ್ಟನ್ನಿಗೆ ಹೇಳಬೇಕು ಎಂದು ಬರೆದಿದ್ದಳು. ಹೋದ ಸಲ ಬಂದಾಗ ನಿನ್ನ ಮನೆಯಲ್ಲೊಂದು ಊಟ, ಚಿಕ್ಕಣ್ಣನ ಮನೆಯಲ್ಲೊಂದು ಊಟ, ಅಲ್ಲೊಂದು ಅಳು, ಇಲ್ಲೊಂದು ಅಳು ಆಯಿತು. ಇನ್ನೊಂದು ಸಲ ನನ್ನ ಕೈಲಾಗುವುದಿಲ್ಲ. ನೀವಿಬ್ಬರೂ ಈಗ ಮಾತಾಡುತ್ತಿದ್ದೀರಾ? ಹಾಗಿದ್ದರೆ ಇಳಿಯುತ್ತೇನೆ. ಇಲ್ಲವೆಂದರೆ ಹಡಗಿನ ಜೊತೆಗೇ ಮುಂದಕ್ಕೆ ಹೋಗುತ್ತೇನೆ, ಈ ವರ್ಷ ನನ್ನ ದಾರಿ ನೋಡಬೇಡಿ.

ರಾತ್ರಿಯೆಲ್ಲ ಹೊರಳಾಡಿ ದೊಡ್ಡಣ್ಣ ಒಂದು ತೀರ್ಮಾನಕ್ಕೆ ಬಂದಿದ್ದ. ಸುಳ್ಳು ಹೇಳುವುದು. ಮಾತಾಡ್ತಿದ್ದೀವಿ, ಬಾ, ಅಂದುಬಿಡುವುದು. ಒಮ್ಮೆ ಇಳಿದ ಮೇಲೆ ಸುಳ್ಳು ಗೊತ್ತಾದರೂ ಅವಳೇನು ಈಜಿಕೊಂಡು ಹಡಗಿಗೆ ವಾಪಸು ಹೋಗುತ್ತಾಳೆಯೇ? ಆಮೇಲೆ ಬೈದರೆ ಬೈಸಿಕೊಂಡರಾಯಿತು. ತಂಗಿಯ ಕೈಲಿ ಬೈಸಿಕೊಳ್ಳದೆ ತುಂಬ ದಿನವಾಗಿತ್ತು, ಅದೂ ಬೇಕೆನಿಸಿತ್ತು ಅವನಿಗೆ. ಆದರೆ ಸುಳ್ಳು ಹೇಳುವುದಕ್ಕೂ ಇಮೇಲು ತೆರೆಯಬೇಕಲ್ಲ.

ಅಣ್ಣತಮ್ಮಂದಿರ ಮಾತು ನಿಂತದ್ದು ದೊಡ್ಡ ಆಸ್ತಿ ವಿಷಯಕ್ಕೇನಲ್ಲ. ಗಿರಾಕಿಯೊಬ್ಬರ ಮದುವೆ ಫೋಟೋಕ್ಕೆ ದೊಡ್ಡಣ್ಣ ಫ್ರೇಮು ಹಾಕಿ ಎತ್ತಿ ಹಿಡಿದು ತೋರಿಸುತ್ತಿದ್ದ. ಆಗ ಗಿರಾಕಿಯ ಎದುರಿಗೇ ಚಿಕ್ಕಣ್ಣ, ಸೊಟ್ಟ ಆಗಿದೆ, ಅಂದುಬಿಟ್ಟ. ಸೊಟ್ಟ ಆಗಿತ್ತು, ಅದು ಬೇರೆ ಮಾತು. ಹೊರಗಿನವರ ಮುಂದೆ ಹೇಳಬಹುದೇ? ಒಂದು ಮಾತಿಗೆ ಹತ್ತು ಮಾತು ಬೆಳೆದು, ವಾರ ಕಳೆಯುವುದರೊಳಗೆ ಅಂಗಡಿಯ ನಡುವೆ ಪ್ಲೈವುಡ್ಡಿನ ಗೋಡೆ ಎದ್ದಿತು. ರಸ್ತೆಗೆ ಎರಡು ಬಾಗಿಲಾದವು. ಫ್ರೇಮಿನ ಮೂಲೆ ಕೂಡಿಸಲು ಒಬ್ಬರು ಹಿಡಿಯಬೇಕು, ಇನ್ನೊಬ್ಬರು ಮೊಳೆ ಹೊಡೆಯಬೇಕು. ಈಗ ಎರಡೂ ಕಡೆ ಗಿರಾಕಿಗಳೇ ಹಿಡಿಯುತ್ತಿದ್ದರು. ಪಾಪ, ತಮ್ಮ ಫೋಟೋ ತಾವೇ ಹಿಡಿದು, ಬೆರಳು ಜಜ್ಜಿಸಿಕೊಂಡು, ದುಡ್ಡೂ ಕೊಟ್ಟು ಹೋಗುತ್ತಿದ್ದರು. ಅಣ್ಣತಮ್ಮಂದಿರ ನಡುವೆ ಏನಾದರೂ ಹೇಳಲೇಬೇಕಾಗಿ ಬಂದರೆ, ಅದನ್ನು ಹೊತ್ತು ತಂದು ಹಾಕುವ ಕೆಲಸ ದೊಡ್ಡಣ್ಣನ ಹೆಂಡತಿಯದಾಗಿತ್ತು.

ದೊಡ್ಡಣ್ಣ ಮತ್ತೆ ಒತ್ತಿದ. ಪ್ಲೈವುಡ್ಡಿನ ಆ ಕಡೆ ಚಿಕ್ಕಣ್ಣ ಕೆಮ್ಮಿದ. ಇನ್ನೊಮ್ಮೆ ಒತ್ತಿದ. ಇನ್ನೊಮ್ಮೆ ಕೆಮ್ಮು. ಆಡಿಕೊಳ್ಳುತ್ತಿದ್ದಾನೆ ನೋಡು, ಅಂತ ಹೆಂಡತಿಯ ಹತ್ತಿರ ಗೊಣಗಿದ. ಅವಳು ಫ್ರೇಮಿನ ಪಟ್ಟಿಗೆ ಪಾಲಿಶ್ ತಿಕ್ಕುತ್ತ ಕೂತಿದ್ದಳು. ಅವನಿಗೆ ಕೆಮ್ಮಾಗಿದ್ದರೂ ನಿಮಗೆ ಸಿಟ್ಟೇ, ಅಂದಳು.

ಆಮೇಲೆ ಶುರುವಾಯಿತು ನೋಡಿ ಪೀಕಲಾಟ. ದೊಡ್ಡಣ್ಣ ಕಂಪ್ಯೂಟರಿನ ಡಬ್ಬದ ತಲೆ ತಟ್ಟಿದ. ಸಂದಿಗೆ ಬಾಯಿಟ್ಟು ಊದಿದ, ಒಳಗಿನ ಧೂಳೆಲ್ಲ ಕಣ್ಣಿಗೇ ಬಂತು. ಆರಿಸಿ ಮತ್ತೆ ಹಾಕಿದ. ಅದು ಎದ್ದು ಕೂರುವಷ್ಟರಲ್ಲಿ ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದಿತ್ತು. ಪುನಃ ಲಕೋಟೆ, ಪುನಃ ಮರಳುಗಡಿಯಾರ, ಪುನಃ ಕೆಮ್ಮು. ಸಾಲದ್ದಕ್ಕೆ ಮೌಸನ್ನು ಜೋರಾಗಿ ಎಳೆದರೆ ಬಾಣವೇ ಸ್ಕ್ರೀನಿನ ಅಂಚಿಗೆ ಹೋಗಿ ಮಾಯವಾಯಿತು. ಬೇರೆ ಎಲ್ಲಾದರೂ ಹೋಗಿ ಇಮೇಲು ತೆರೆಯೋಣವೆಂದರೆ ಪಾಸ್‌ವರ್ಡ್ ಬೇಕು. ಪಾಸ್‌ವರ್ಡ್ ಹಾಕಿದವನು ಚಿಕ್ಕಣ್ಣ. ಅವನನ್ನು ಕೇಳುವುದಕ್ಕಿಂತ ಬಂದರಿಗೆ ನಡೆದುಕೊಂಡೇ ಹೋಗುವುದು ಮೇಲು ಅನಿಸಿತು ದೊಡ್ಡಣ್ಣನಿಗೆ.

ಕೊನೆಗೆ ಕಂಪ್ಯೂಟರ್ ರಿಪೇರಿಯವನಿಗೆ ಫೋನು ಹಚ್ಚಿದ. ಆತ ತಾನು ಬರುವುದು ಸಂಜೆಗೇ ಎಂದ. ಸಂಜೆಗೆ ಬಂದು ಏನು ಮಾಡುತ್ತೀಯ, ಹಡಗು ಹೋಗಿರುತ್ತದೆ ಎಂದು ದೊಡ್ಡಣ್ಣ ಗೋಗರೆದ. ಹಡಗಿಗೂ ಕಂಪ್ಯೂಟರಿಗೂ ಏನು ಸಂಬಂಧವೆಂದು ಆತನಿಗೆ ತಿಳಿಯಲಿಲ್ಲ. ಆದರೂ ಸ್ಕ್ರೀನಿನ ಕೆಳಗಡೆ ಉದ್ದ ಪಟ್ಟಿ ಇದೆಯಲ್ಲ, ಅಲ್ಲಿ ಇಮೇಲಿನ ಹೆಸರು ಕಾಣುತ್ತಾ ನೋಡಿ ಎಂದ. ದೊಡ್ಡಣ್ಣ ಕನ್ನಡಕ ಏರಿಸಿ ನೋಡಿದ. ಇತ್ತು.

"ಹಾಗಾದ್ರೆ ಅದು ತೆರೆದೇ ಇದೆಯಲ್ಲ ಸಾರ್," ಎಂದ ರಿಪೇರಿಯವನು.

"ಎಲ್ಲಪ್ಪಾ ತೆರೆದಿದೆ? ನನ್ನ ಕಣ್ಣಿಗೆ ಕಾಣಬೇಡವಾ?"

"ಬೇರೆ ಸ್ಕ್ರೀನ್ ಏನಾದ್ರೂ ಹಾಕಿದ್ದೀರಾ ಅದಕ್ಕೆ?"

ದೊಡ್ಡಣ್ಣ ಪ್ಲೈವುಡ್ಡಿನ ಕಡೆ ತಿರುಗಿದ. ಒಂದು ಕಾಲದಲ್ಲಿ ಇತ್ತು. ಗಿರಾಕಿಗಳಿಗೆ ಫ್ರೇಮಿನ ಮಾದರಿ ತೋರಿಸಲೆಂದು ಮುಂದುಗಡೆ ಇನ್ನೊಂದು ಸ್ಕ್ರೀನ್ ಇಟ್ಟಿದ್ದರು. ಚಿಕ್ಕಣ್ಣ ಇಮೇಲು ನೋಡುತ್ತಿದ್ದದ್ದೂ ಅದರಲ್ಲೇ. ಪ್ಲೈವುಡ್ಡು ಎದ್ದಾಗ ಡಬ್ಬ, ಮೌಸು, ಕೀಬೋರ್ಡು ಈ ಕಡೆ ಉಳಿದವು, ಆ ಸ್ಕ್ರೀನ್ ಆ ಕಡೆ ಹೋಯಿತು. ವೈರು ಮಾತ್ರ ಪ್ಲೈವುಡ್ಡಿನ ತೂತಿನಲ್ಲಿ ಹಾಗೇ ನಿಂತಿತ್ತು. ಹಟಕ್ಕೆ ಅದನ್ನು ಇವನೂ ಬಿಚ್ಚಿರಲಿಲ್ಲ, ಅವನೂ ಹಾಕಿಕೊಂಡಿರಲಿಲ್ಲ. ಯಾರೋ ಆ ತುದಿಯನ್ನು ಮತ್ತೆ ಚುಚ್ಚಿರಬೇಕು, ಇಮೇಲು ತನ್ನ ಹಳೇ ಜಾಗಕ್ಕೆ ಹೋಗಿ ಕೂತಿದೆ, ಅಂದ ಇದನ್ನೆಲ್ಲ ಕೇಳಿದ ರಿಪೇರಿಯವನು. ಈ ತುದಿ ಬಿಚ್ಚಿ ಅಂತಲೂ ಹೇಳಿ ಫೋನಿಟ್ಟ. ಈ ತುದಿ ಇದ್ದದ್ದು ಡಬ್ಬದ ಹಿಂದೆ, ಡಬ್ಬದ ಮುಖ, ತಲೆ ಮಾತ್ರ ಹೊರಗೆ, ಬೆನ್ನೆಲ್ಲ ಆಳೆತ್ತರದ ಗಾಜಿನ ಹಾಳೆಗಳ ಹಿಂದೆ ಸಿಕ್ಕಿಕೊಂಡಿತ್ತು. ಅವನ್ನು ಸರಿಸುವುದಕ್ಕೆ ಇಬ್ಬರು ಗಟ್ಟಿಯಾಳು ಬೇಕು, ಅರ್ಧ ದಿನ ಬೇಕು.

ಅಂದರೆ ಬೆಳಗಿನಿಂದ ದೊಡ್ಡಣ್ಣ ಒತ್ತಿದಾಗಲೆಲ್ಲ ಇಮೇಲು ಚಿಕ್ಕಣ್ಣನ ಮುಂದೆ ತೆರೆಯುತ್ತಿತ್ತು. ತಂಗಿಯ ಮಾತೆಲ್ಲ ಅವನು ಓದಿಯಾಗಿತ್ತು. ಓದಿ, ಬಾಯಿಬಿಟ್ಟು ಒಂದು ಮಾತು ಹೇಳುವುದು ಬಿಟ್ಟು, ಕೆಮ್ಮುತ್ತ ಕೂತಿದ್ದ ಮಹಾನುಭಾವ.

ದೊಡ್ಡಣ್ಣ ಹೆಂಡತಿಯ ಕಡೆ ನೋಡಿದ. ಎಂದಿನ ಹಾಗೆ ಆ ಕಡೆ ಹೋಗಿ ಬರಲಿ ಎಂದು. ಅವಳು ಪಾಲಿಶಿನ ಬಟ್ಟೆ ಕೆಳಗಿಟ್ಟಳು.

"ನನ್ನ ಕಾಲು ಸವೆದುಹೋಗಿದೆ ರೀ, ನಿಮ್ಮಿಬ್ಬರ ಮಧ್ಯೆ ಓಡಾಡಿ. ಇವತ್ತು ನಾನು ಹೋಗಲ್ಲ. ಅವಳು ಬರಬೇಕು ಅಂತಿದ್ರೆ ನೀವೇ ಕೇಳಿ, ಬೇಡ ಅಂತಿದ್ರೆ ಸುಮ್ಮನೆ ಕೂತ್ಕೊಳ್ಳಿ."

ದೊಡ್ಡಣ್ಣ ಗಡಿಯಾರ ನೋಡಿದ. ಮಧ್ಯಾಹ್ನ ಹತ್ತಿರ ಬಂದಿತ್ತು. ತಂಗಿ ಹಡಗಿನ ಮೇಲೆ ನಿಂತು ದಡ ದೂರವಾಗುವುದನ್ನು ನೋಡುತ್ತಿರುವುದು ಕಣ್ಣಿಗೆ ಕಟ್ಟಿತು. ಮೌಸು ಹಿಡಿದುಕೊಂಡ. ಕಂಪ್ಯೂಟರಿಗೆ ಹೇಳುವವನಂತೆ, ಆದರೆ ಪಕ್ಕದ ರಸ್ತೆಗೂ ಕೇಳುವಷ್ಟು ಗಟ್ಟಿಯಾಗಿ ಅಂದ:

"ಬಾಣ ಎಲ್ಲಿ ಹೋಯ್ತೋ ಏನೋ. ಕಾಣೋರು ಇದ್ದಿದ್ರೆ ಹೇಳ್ತಿದ್ರು."

ಆ ಕಡೆ ಕೆಮ್ಮು ನಿಂತಿತು. ಚಿಕ್ಕಣ್ಣ ತನ್ನ ಮುಂದಿದ್ದ ಗಾಜಿಗೆ ಹೇಳುವವನಂತೆ, "ಬಾಣ ಬಲಗಡೆ ಮೇಲಿನ ಮೂಲೆಯಲ್ಲಿದೆ. ಬೇಕಾದವರು ಕೆಳಕ್ಕೆ ತರಬಹುದು," ಎಂದ.

ತಂದ. ಜಾಸ್ತಿ ತಂದ. ಮೇಲಕ್ಕೆ ಹೋಗಲಿ ಎಂದು ಗಾಜಿಗೆ ಹೇಳಲಾಯಿತು. ಮೇಲಕ್ಕೆ ಹೋದರೆ ಎಡಕ್ಕೆ ಜಾರಿತು. ಎಡಕ್ಕಲ್ಲ ಅಂದರೆ ಬಲಕ್ಕೆ ಹಾರಿತು. ಒಬ್ಬನಿಗೆ ಕಣ್ಣಿದೆ ಕೈಯಿಲ್ಲ, ಇನ್ನೊಬ್ಬನಿಗೆ ಕೈಯಿದೆ ಕಣ್ಣಿಲ್ಲ. ಉತ್ತರ ಕೊಡುವ ಗುಂಡಿ ಅನ್ನುವುದು ಅಂಗೈಯಗಲ ಇರುತ್ತದೆಯೇ? ಒಂದು ಸಲ ಇಮೇಲೇ ಮುಚ್ಚಿಹೋಗುವುದರಲ್ಲಿತ್ತು. ಆಗ ಗಾಜನ್ನು ಅಲ್ಲಿಗೇ ಬಿಟ್ಟು ಚಿಕ್ಕಣ್ಣ ಪ್ಲೈವುಡ್ಡಿಗೇ ಬಾಯಿಟ್ಟು ಕೂಗಿದ:

"ಅಲ್ಲಲ್ಲ ಅಣ್ಣ, ಮುಟ್ಟಬೇಡ ಅದನ್ನ. ನಿಧಾನಕ್ಕೆ ಎಡಕ್ಕೆ ಬಾ. ಒಂದು ಅಕ್ಕಿಕಾಳಿನಷ್ಟು. ಹಾಂ, ಒತ್ತು."

"ಒತ್ತಿದೆ ಕಣೋ. ತೆರೀತಾ?"

"ತೆರೀತು. ಈಗ ಬರಿ."

ದೊಡ್ಡಣ್ಣ ಒಂದೇ ಬೆರಳಲ್ಲಿ ಹುಡುಕಿ ಹುಡುಕಿ ಬರೆದ. ಬರೆದದ್ದು ಸರಿಯಾಯಿತೇ ಎಂದು ಕೇಳಿದ. ಆಗಷ್ಟೇ ಅವನಿಗೆ ಹೊಳೆಯಿತು, ತಂಗಿಗೆಂದು ಬರೆದ ಸುಳ್ಳನ್ನು ಮೊದಲು ಓದುತ್ತಿರುವವನು ತಮ್ಮ ಎಂದು.

"ನಾವು ಮಾತಾಡ್ತಿದ್ದೀವಿ, ಬಾ, ಅಂತ ಬಂದಿದೆ," ಅಂದ ಚಿಕ್ಕಣ್ಣ ಮೆಲ್ಲಗೆ.

"ಹೂಂ. ಸುಳ್ಳು ಅಂತ ಗೊತ್ತು ನನಗೆ. ಅವಳು ಇಳಿದರೆ ಸಾಕು ಅಂತ ಬರೆದೆ."

"ಸುಳ್ಳು ಹೇಗಾಗುತ್ತೆ? ಇಷ್ಟು ಹೊತ್ತು ನಾವೇನು ಮಾಡ್ತಿದ್ವಿ?"

ಹೆಂಡತಿ ಮುಖ ಆ ಕಡೆ ತಿರುಗಿಸಿ ಸೆರಗಿನಲ್ಲಿ ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ.

"ವೈರು ನಾನೇ ಚುಚ್ಚಿದ್ದು ಅಣ್ಣ, ನಿನ್ನೆ ನೀನು ಮನೆಗೆ ಹೋದ ಮೇಲೆ," ಎಂದ ಚಿಕ್ಕಣ್ಣ. "ಅವಳ ರಜೆ ಹತ್ತಿರ ಬಂತಲ್ಲ. ಬರ್ತಾಳಾ ಅಂತ ನಿನ್ನ ಕೇಳೋಕೆ ಬಾಯಿ ಬರಲಿಲ್ಲ. ಕದ್ದಾದರೂ ನೋಡೋಣ ಅಂತ."

"ಕೇಳಿದ್ರೆ ಹೇಳ್ತಿದ್ದೆ ಕಣೋ," ಎಂದ ದೊಡ್ಡಣ್ಣ. ಹೇಳುತ್ತಿರಲಿಲ್ಲ ಎಂದು ಅವನಿಗೂ ಗೊತ್ತಿತ್ತು.

ಕಳಿಸುವ ಗುಂಡಿಗೆ ಮತ್ತೆ ಎಡ, ಬಲ, ಮೇಲೆ, ಕೆಳಗೆ ಆಯಿತು. ಅಂತೂ ಇಮೇಲು ಹೋಯಿತು. ಇಬ್ಬರೂ ತಮ್ಮತಮ್ಮ ಕಡೆ ಕೂತು ಕಾದರು. ಬಾಗಿಲಿಗೆ ಬಂದ ಗಿರಾಕಿಯನ್ನು ದೊಡ್ಡಣ್ಣ ಆಮೇಲೆ ಬನ್ನಿ ಎಂದು ಕಳಿಸಿಬಿಟ್ಟ. ಎಷ್ಟೋ ಹೊತ್ತಿನ ಮೇಲೆ ಆ ಕಡೆ ಕುರ್ಚಿ ಕಿರ್ರೆಂದಿತು.

"ಬಂತು. ಬಾಣ ಕೆಳಗೆ ತಗೊಂಡು ಬಾ, ಒತ್ತು. ಈಗ ಉತ್ತರದ ಗುಂಡಿ, ಮೊದಲಿನ ಜಾಗದಲ್ಲೇ. ಒತ್ತು."

"ಒತ್ತಿದೆ. ಏನಂದಳು?"

ಮಾತಿಲ್ಲ.

"ಏನಂದಳೋ? ಇಳೀತಾಳಾ ಇಲ್ವಾ?"

ದೊಡ್ಡಣ್ಣ ಮೌಸು ಬಿಟ್ಟು ಎದ್ದ. ಚಪ್ಪಲಿಯನ್ನೂ ಮೆಟ್ಟದೆ ರಸ್ತೆಗಿಳಿದು, ಪಕ್ಕದ ಬಾಗಿಲಲ್ಲಿ ನುಗ್ಗಿದ. ಚಿಕ್ಕಣ್ಣ ಗಾಜು ಒರೆಸುವ ಬಟ್ಟೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದ. ಬಾಯಿ ಬಿಡಲಾಗದೆ ಸ್ಕ್ರೀನಿನ ಕಡೆ ಕೈ ತೋರಿಸಿದ. ಇಳಿಯುತ್ತೇನೆ ಅಂತ ಕ್ಯಾಪ್ಟನ್ನಿಗೆ ಹೇಳಿದೆ, ಎಂದಿತ್ತು ಅಲ್ಲಿ. ಅದರ ಕೆಳಗೆ, ಮೊದಲು ಮಾತಾಡಿದ್ದು ಯಾರು, ಎಂದಿತ್ತು.

ಇಬ್ಬರೂ ಅದನ್ನು ಓದಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನೀನೇ," ಎಂದ ದೊಡ್ಡಣ್ಣ. "ನಾನು ಕಂಪ್ಯೂಟರ್ ಹತ್ರ ಮಾತಾಡ್ತಿದ್ದೆ."

"ನಾನು ಗಾಜಿನ ಹತ್ರ ಮಾತಾಡ್ತಿದ್ದೆ. ಶುರು ಮಾಡಿದ್ದು ನೀನು."

"ಅಣ್ಣ ಅಂತ ಕೂಗಿದ್ದು ಯಾರು?"

"ಕಣೋ ಅಂದಿದ್ದು ಯಾರು?"

ದನಿ ಏರಿತು. ರಸ್ತೆಯಲ್ಲಿ ಹೋಗುವವರು ನಿಂತು ನೋಡತೊಡಗಿದರು. ಅಷ್ಟರಲ್ಲಿ ಸ್ಕ್ರೀನಿನ ಮೇಲೆ ತಮ್ಮಷ್ಟಕ್ಕೆ ಅಕ್ಷರಗಳು ಒಂದೊಂದಾಗಿ ಮೂಡತೊಡಗಿದವು. ಅಣ್ಣತಮ್ಮಂದಿರು ಬಾಯಿ ಮುಚ್ಚಿ ನೋಡಿದರು. ಆ ಕಡೆ ಕೀಬೋರ್ಡಿನ ಮುಂದೆ ಕೂತಿದ್ದವಳು ಕಣ್ಣಿಗೆ ಕಾಣದೆಯೂ ಒಂದು ತಪ್ಪಿಲ್ಲದೆ ಬರೆಯುತ್ತಿದ್ದಳು:

"ಅತ್ತಿಗೆ ಬರೀತಿರೋದು. ಇಬ್ಬರೂ ಒಂದೇ ಕಡೆ ನಿಂತು ಜಗಳ ಆಡ್ತಿದ್ದಾರೆ. ಬೇಗ ಬಾ."