ಹದಿನೇಳನೆಯ ಸೂಚನೆ

ಕೊಲ್ಲಿ ದೇಶದಿಂದ ಆಹ್ವಾನ ಪತ್ರ ಬಂದಾಗ ಲಕೋಟೆ ಒಡೆದವನು ನಾನೇ. ಹನ್ನೊಂದು ವರ್ಷದಿಂದ ಆ ಪತ್ರದಲ್ಲಿ ಇರುತ್ತಿದ್ದದ್ದು ನನ್ನ ಹೆಸರು. ಈ ಸಲವೂ ಅದೇ ಮೊಹರು, ಅದೇ ಸಹಿ. ಹೆಸರು ಮಾತ್ರ ಅಳಿಯಂದಿರದು. ಅಂದರೆ ನಮ್ಮ ತಕ್ಕಡಿ ಕಾರ್ಖಾನೆಯ ಸಾಹುಕಾರರ ಅಳಿಯನದು. ಎದುರಿಗೆ 'ನೀವು', ಮನಸ್ಸಿನಲ್ಲಿ 'ಅವನು'.

"ನಿಮ್ಮ ಮಂಡಿ ನೋವು ನನಗೆ ನೋಡೋಕಾಗಲ್ಲ. ಓಡಾಟ ಇನ್ನು ಅವನಿಗೆ ಬಿಡಿ. ವೀಸಾ ಮಾಡಿಸಿ, ನಾಲ್ಕು ಬುದ್ಧಿಮಾತು ಹೇಳಿ ಕಳಿಸಿ," ಎಂದರು ಸಾಹುಕಾರರು. ನನ್ನ ಮಂಡಿ ಇವರಿಗೆ ಯಾವಾಗ ದೂರು ಕೊಟ್ಟಿತೋ ಗೊತ್ತಿಲ್ಲ.

ಹೊಟ್ಟೆ ಉರಿಯಿತು. ಮುಚ್ಚಿಟ್ಟು ಏನು ಪ್ರಯೋಜನ? ಓಡಾಟ ಹೋದರೆ ಹೋಗಲಿ, ಆದರೆ ಅಲ್ಲಿ ನಮ್ಮ ತಕ್ಕಡಿ ಕೊಳ್ಳುವ ವರ್ತಕರು ನನ್ನ ಗೆಳೆಯರು. ಊರ ತುಂಬ ಪರಿಚಯದವರಿರುವ ನನಗೆ ಗೆಳೆಯ ಅಂತ ಇರುವವರು ಅವರೊಬ್ಬರೇ. ಮೊದಲ ಸಲ ಹೋದಾಗ ಕೈಯಾರೆ ಮಾಡಿದ ಅಂಗೈಯಗಲದ ಹಿತ್ತಾಳೆ ತಕ್ಕಡಿಯೊಂದನ್ನು ಅವರಿಗೆ ಕೊಟ್ಟಿದ್ದೆ. ವಿಮಾನ ನಿಲ್ದಾಣದ ಕಸ್ಟಮ್ಸ್‌ನವರು ಅದನ್ನು ಅರ್ಧ ಗಂಟೆ ತಿರುಗಿಸಿ ಮುರುಗಿಸಿ ನೋಡಿ ಬಿಟ್ಟಿದ್ದರು. ಈಗ ಆ ಸ್ನೇಹವೂ ಅಳಿಯಂದಿರ ಪಾಲಾದರೆ ನನಗೆ ಉಳಿಯುವುದು ಮಂಡಿ ನೋವೊಂದೇ.

ಪಾಸ್‌ಪೋರ್ಟಿನ ಅವಧಿ ಆರು ತಿಂಗಳಿಗಿಂತ ಕಡಿಮೆ ಇದ್ದರೆ ವೀಸಾ ಸಿಗುವುದಿಲ್ಲ. ಅವನದನ್ನು ಆಸೆಯಿಂದ ತೆರೆದು ನೋಡಿದೆ. ಇನ್ನೂ ಏಳು ವರ್ಷ ಇತ್ತು. ಫೋಟೋದಲ್ಲೂ ಚೆನ್ನಾಗಿದ್ದ. ಪಾಸ್‌ಪೋರ್ಟ್ ಫೋಟೋದಲ್ಲಿ ಚೆನ್ನಾಗಿರುವವರನ್ನು ನಂಬಬಾರದು.

ವೀಸಾ ಬಂತು. ನನ್ನ ನೋಟ್‌ಬುಕ್ಕಿನಲ್ಲಿದ್ದ ಇಪ್ಪತ್ತೆರಡು ಸೂಚನೆಗಳನ್ನು ಅವನಿಗಾಗಿ ನಕಲು ಮಾಡಲು ಕೂತೆ. ಮದ್ಯದ ಬಾಟಲಿ ಒಯ್ಯಬೇಡಿ. ಮಾತ್ರೆಗಳ ಜೊತೆ ವೈದ್ಯರ ಚೀಟಿ ಇರಲಿ. ಸರ್ಕಾರಿ ಕಟ್ಟಡಗಳ, ಹೆಂಗಸರ ಫೋಟೋ ತೆಗೆಯಬೇಡಿ. ಪಾಸ್‌ಪೋರ್ಟಿನ ನಕಲು ಬೇರೆ ಚೀಲದಲ್ಲಿರಲಿ. ನಮಾಜಿಗೆಂದು ಮಾತುಕತೆ ನಿಂತರೆ ಗಡಿಯಾರ ನೋಡಬೇಡಿ. ಮನೆಯವರೆಲ್ಲ ಕ್ಷೇಮವೇ ಎನ್ನಿ, ಹೆಂಡತಿ ಹೇಗಿದ್ದಾರೆ ಎನ್ನಬೇಡಿ.

ಹದಿನೇಳನೆಯದಕ್ಕೆ ಬಂದಾಗ ಪೆನ್ನು ನಿಂತಿತು. 'ಅವರ ಯಾವ ವಸ್ತುವನ್ನೂ ಹೊಗಳಬೇಡಿ, ಹೊಗಳಿದರೆ ಕೊಟ್ಟುಬಿಡುತ್ತಾರೆ.' ಅಳಿಯಂದಿರಿಗೋ ಕಂಡದ್ದನ್ನೆಲ್ಲ ಹೊಗಳುವ ಚಟ. ನನ್ನ ಊಟದ ಡಬ್ಬಿ, ಆಫೀಸಿನ ತುಕ್ಕು ಹಿಡಿದ ಫ್ಯಾನು, ಯಾವುದನ್ನೂ ಬಿಟ್ಟವನಲ್ಲ. ಹೊಗಳಲಿ! ಆಸೆಬುರುಕ ಅನ್ನಿಸಿಕೊಂಡು ಬರಲಿ! ನಾನು ನೇರವಾಗಿ ಹದಿನೆಂಟಕ್ಕೆ ಹೋದೆ.

"ಯಾಕೆ, ಮುಖ ಹರಳೆಣ್ಣೆ ಕುಡಿದ ಹಾಗಿದೆ?" ಎಂದಳು ಹೆಂಡತಿ.

"ಅಳಿಯಂದಿರು ವಿಮಾನ ಹತ್ತಿದ್ರು."

"ಒಳ್ಳೇದಾಯ್ತು. ನೀವು ಮಂಡಿಗೆ ಎಣ್ಣೆ ಹಚ್ಕೊಳ್ಳಿ."

ಒಂಬತ್ತು ದಿನಕ್ಕೆ ವಾಪಸ್ ಬಂದವನು ಮೂರು ವರ್ಷದ ಆರ್ಡರ್ ತಂದಿದ್ದ. ಮಾವನ ಹತ್ತಿರವೂ ಹೋಗದೆ ಸೀದಾ ನನ್ನ ಕೋಣೆಗೆ ಬಂದು ಬಾಗಿಲು ಹಾಕಿದ. ಮಣಿಕಟ್ಟಿನಲ್ಲಿ ಹಳೆಯ ಚರ್ಮದ ಪಟ್ಟಿಯ ಕೈಗಡಿಯಾರ. ಹೊಗಳಿದ್ದಾನೆ! ಒಳಗೊಳಗೇ ಕುಣಿದೆ.

"ಅಣ್ಣಾ, ಒಂದು ಎಡವಟ್ಟಾಯ್ತು. ಅವರ ಮೇಜಿನ ಮೇಲೆ ಪುಟ್ಟ ಹಿತ್ತಾಳೆ ತಕ್ಕಡಿ ಇತ್ತು. ಎಷ್ಟು ಚೆನ್ನಾಗಿದೆ ಅಂದುಬಿಟ್ಟೆ. ಅವರ ಮುಖ ಬಾಡಿಹೋಯ್ತು. ತಕ್ಕಡಿ ಕೈಗೆ ತಗೊಂಡ್ರು, ಮತ್ತೆ ಇಟ್ರು. 'ಇದು ನನ್ನ ತಮ್ಮ ಕೊಟ್ಟಿದ್ದು, ಇದನ್ನ ಮಾತ್ರ ಕೊಡೋಕಾಗಲ್ಲ, ಕ್ಷಮಿಸಿ' ಅಂತ ವಾಚು ಬಿಚ್ಚಿ ನನ್ನ ಕೈಗೆ ಕಟ್ಟಿದ್ರು. ಬೇಡ ಅಂದ್ರೂ ಕೇಳಲಿಲ್ಲ. ಅವರಪ್ಪನ ವಾಚಂತೆ. ತಮ್ಮ ಅಂದ್ರೆ ನೀವು ಅಂತ ಆಮೇಲೆ ಗೊತ್ತಾಯ್ತು."

ನಾನು ಅವನ ಮಣಿಕಟ್ಟಿನಿಂದ ಕಣ್ಣು ಕಿತ್ತೆ.

"'ನನ್ನ ತಮ್ಮ ನಿಮಗೆ ಹೇಳಿ ಕಳಿಸಲಿಲ್ವಾ? ಇಂಥದ್ದು ಮರೆಯೋನಲ್ಲ ಅವನು. ಹುಷಾರಾಗಿದ್ದಾನೆ ತಾನೆ?' ಅಂತ ಕೇಳಿದ್ರು."

"ನೀವೇನಂದ್ರಿ?"

"ಹೇಳಿದ್ರು, ನಾನೇ ಮರೆತೆ ಅಂದೆ."

ಜೇಬಿನಿಂದ ನನ್ನ ಸೂಚನೆಗಳ ಹಾಳೆ ತೆಗೆದು ಮೇಜಿನ ಮೇಲೆ ಹರಡಿದ. ಹದಿನಾರು, ಅದರ ಕೆಳಗೆ ಹದಿನೆಂಟು. ನೋಟ್‌ಬುಕ್ಕಿನ ಸಂಖ್ಯೆಗಳನ್ನು ಇದ್ದ ಹಾಗೇ ಇಳಿಸಿದ್ದೆ. ಕಳ್ಳತನವನ್ನೂ ನೆಟ್ಟಗೆ ಮಾಡಲು ಬಾರದ ಬುದ್ಧಿವಂತ ನಾನು.

"ವಿಮಾನದಲ್ಲೇ ನೋಡಿದ್ದೆ. ಏನೋ ಸಣ್ಣದಿರಬೇಕು ಅಂದ್ಕೊಂಡೆ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ನನಗೂ ನಿರಾಳವಾಗುತ್ತಿತ್ತು. ಕೈಗಡಿಯಾರ ಬಿಚ್ಚಿ ಹಾಳೆಯ ಪಕ್ಕ ಇಟ್ಟ. "ಮುಂದಿನ ಪತ್ರದಲ್ಲಿ ಇಬ್ಬರ ಹೆಸರೂ ಹಾಕಿ ಅಂತ ಕೇಳ್ಕೊಂಡು ಬಂದಿದ್ದೀನಿ. ಇದನ್ನ ನೀವೇ ವಾಪಸ್ ಕೊಡಿ, ನೀವು ಕೊಟ್ರೆ ತಗೋತಾರೆ."

ಹೊಟ್ಟೆ ಮತ್ತೆ ಉರಿಯಿತು. ಈ ಸಲ ಅವನ ಪ್ರಯಾಣಕ್ಕಲ್ಲ, ಅವನ ಗುಣಕ್ಕೆ. ಹನ್ನೊಂದು ವರ್ಷ ಆ ಗೆಳೆಯರ ಮನೆಯಲ್ಲಿ ಉಂಡ ನಾನು ಅವರ ಅಪ್ಪನ ಗಡಿಯಾರಕ್ಕೆ ಸಂಚಕಾರ ತಂದೆ. ಒಂಬತ್ತು ದಿನ ಹೋಗಿ ಬಂದವನು ನನ್ನ ಮರ್ಯಾದೆ ಉಳಿಸಿದ.

ಪೆನ್ನು ತೆಗೆದುಕೊಂಡೆ. ಹದಿನಾರು, ಹದಿನೆಂಟರ ನಡುವೆ ಜಾಗ ಸಾಲದು. ಅಕ್ಷರ ಸಣ್ಣದು ಮಾಡಿ ಹದಿನೇಳನೆಯದನ್ನು ತುರುಕಿ ಬರೆದೆ. ಅವನು ಬಗ್ಗಿ ಓದಿದ. ಚಟ ಬಿಡಲಾರದೆ ಅಂದ:

"ಅಣ್ಣಾ, ನಿಮ್ಮ ಅಕ್ಷರ ಎಷ್ಟು ಚೆನ್ನಾಗಿದೆ."

ನಾನು ಡ್ರಾಯರ್ ಎಳೆದು, ಹನ್ನೊಂದು ವರ್ಷದ ನೋಟ್‌ಬುಕ್ಕನ್ನು ಅವನ ಕೈಯಲ್ಲಿಟ್ಟೆ.